ರಕ್ತದ ಕಥೆಗೆ ಇಷ್ಟು ಚಂದದ ಗದ್ಯ ಸಲ್ಲುತ್ತದೆಯೇ?

ರೋಹನ್ ವಿಲ್ಸನ್ ಅವರ ಚೊಚ್ಚಲ ಕಾದಂಬರಿ ‘ದಿ ರೋವಿಂಗ್ ಪಾರ್ಟಿ’ 2011ರಲ್ಲಿ ಆಸ್ಟ್ರೇಲಿಯಾದ ವೋಗೆಲ್ ಪ್ರಶಸ್ತಿ ಪಡೆಯಿತು. ಕಥೆ ನಡೆಯುವುದು 1829ರಲ್ಲಿ, ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದಲ್ಲಿ: ಬಿಳಿಯ ವಸಾಹತುಗಾರ ಜಾನ್ ಬ್ಯಾಟ್‌ಮನ್ ಕೈದಿಗಳ ತಂಡ ಕಟ್ಟಿಕೊಂಡು ಮೂಲನಿವಾಸಿಗಳ ಬೇಟೆಗೆ ಹೊರಡುತ್ತಾನೆ. ವಿಮರ್ಶಕರು ಅದರ ಗದ್ಯವನ್ನು ಕೊಂಡಾಡಿದರು, ಅಮೆರಿಕದ ಕಾದಂಬರಿಕಾರ ಕಾರ್ಮ್ಯಾಕ್ ಮೆಕಾರ್ಥಿಯನ್ನು ನೆನೆದರು. ಆ ಹೊಗಳಿಕೆ ಒಪ್ಪುವಂಥದ್ದೇ?

ಪರ

ಖಂಡಿತ. 1829ರ ಸೆಪ್ಟೆಂಬರ್‌ನಲ್ಲಿ ಬ್ಯಾಟ್‌ಮನ್ ಬರೆದ ವರದಿಯೊಂದು ಉಳಿದಿದೆ. ಸೆರೆಸಿಕ್ಕ ಇಬ್ಬರು ಗಾಯಾಳುಗಳು ನಡೆಯಲಾರದೆ ಹೋದರು, ಗುಂಡಿಟ್ಟು ಕೊಲ್ಲಬೇಕಾಯಿತು ಎಂದು ಅವನು ಕಾಲು ಮುರಿದ ಎತ್ತಿನ ಸುದ್ದಿ ಹೇಳುವಂತೆ ತಿಳಿಸುತ್ತಾನೆ. ಇಂಥ ದಾಖಲೆಯ ಎದುರು ಕೂತು ಓದುಗನ ಕಣ್ಣೀರಿಗೆ ಕೈಚಾಚುವ ಕಾದಂಬರಿಕಾರ ಸೋತಂತೆಯೇ. ವಿಲ್ಸನ್ ಕೈಚಾಚುವುದಿಲ್ಲ. ಮಾತುಗಳಿಗೆ ಉದ್ಧರಣ ಚಿಹ್ನೆ ಕೂಡ ಹಾಕುವುದಿಲ್ಲ; ಯಾರು ಆಡಿದ್ದೆಂದು ತಿಳಿಯಲು ಕೆಲವೆಡೆ ನಾನು ಎರಡೆರಡು ಸಲ ಓದಬೇಕಾಯಿತು, ಮೊದಮೊದಲು ಸಿಟ್ಟೂ ಬಂತು.

ಕಥೆಯ ನಡುವೆ ನಿಂತವನು ಬ್ಲ್ಯಾಕ್ ಬಿಲ್. ಬಿಳಿಯರ ಮನೆಯಲ್ಲಿ ಬೆಳೆದ ಮೂಲನಿವಾಸಿ, ತನ್ನವರ ಜಾಡು ಹಿಡಿಯುವ ಕೆಲಸಕ್ಕೆ ನಿಂತವನು. ಮೂಲನಿವಾಸಿಗಳ ನಾಯಕ ಮನಲಾರ್ಗೆನ ಅವನನ್ನು ತನ್ನ ಕಡೆಗೆ ಕರೆಯುತ್ತಾನೆ. ಬಿಲ್ ಹೋಗುವುದಿಲ್ಲ. ಇಂಥ ಕಡೆ ಬೇರೊಬ್ಬರಾಗಿದ್ದರೆ ಒಂದು ಅಧ್ಯಾಯದಷ್ಟು ಮನೋವಿಶ್ಲೇಷಣೆ ಬರೆಯುತ್ತಿದ್ದರು. ಬಿಲ್‌ನ ಒಳಗನ್ನು ಬಲ್ಲೆ ಎಂದು ಈ ಲೇಖಕ ಹೇಳಿಕೊಳ್ಳುವುದಿಲ್ಲ; ಆ ಸಂಕೋಚಕ್ಕೇ ನನ್ನ ಮೆಚ್ಚುಗೆ.

ವಿರೋಧ

ಬಿಲ್ ಬಗೆಗಿನ ಮಾತು ಒಪ್ಪಿದೆ. ನನ್ನ ತಕರಾರು ಆ ಗದ್ಯದ ಮೇಲೆಯೇ.

ಮೆಕಾರ್ಥಿಯ ‘ಬ್ಲಡ್ ಮೆರಿಡಿಯನ್’ ಮೆಕ್ಸಿಕೋ ಗಡಿಯ ನೆತ್ತಿಚರ್ಮದ ಬೇಟೆಗಾರರ ಕಥೆ. ಅಲ್ಲಿ ಕೊಲೆ ಗಾಳಿ ಬಿಸಿಲುಗಳಂತೆ, ಕಾರಣ ಕೇಳುವವರಿಲ್ಲ. ಆ ದನಿಯನ್ನು ಟಾಸ್ಮೇನಿಯಾಕ್ಕೆ ತಂದರೆ ಅಲ್ಲಿದ್ದ ಕಾರಣಗಳೂ ಅಳಿಸಿಹೋಗುತ್ತವೆ. 1820ರ ದಶಕದಲ್ಲಿ ಉಣ್ಣೆಯ ಕುರಿಗಳಿಗಾಗಿ ಹುಲ್ಲುಗಾವಲುಗಳು ಹಂಚಿಹೋದವು. 1828ರ ನವೆಂಬರ್‌ನಲ್ಲಿ ಗವರ್ನರ್ ಜಾರ್ಜ್ ಆರ್ಥರ್ ಸೈನಿಕ ಕಾನೂನು ಸಾರಿದ. 1830ರಲ್ಲಿ ಮೂಲನಿವಾಸಿಗಳನ್ನು ಜೀವಂತ ಹಿಡಿದುಕೊಟ್ಟರೆ ವಯಸ್ಕರೊಬ್ಬರಿಗೆ 5 ಪೌಂಡ್, ಮಗುವಿಗೆ 2 ಪೌಂಡ್‌ನಂತೆ ಬಹುಮಾನ. ಅದೇ ವರ್ಷ ಸುಮಾರು 2,200 ಜನರನ್ನು ಸಾಲಾಗಿ ನಿಲ್ಲಿಸಿ, ಬಲೆ ಎಳೆದಂತೆ ದ್ವೀಪವನ್ನು ಜಾಲಾಡಿದರು. ಸಿಕ್ಕಿದ್ದು ಒಬ್ಬ ಗಂಡಸು, ಒಬ್ಬ ಹುಡುಗ. ಕಡತ, ದರಪಟ್ಟಿ, ರುಜುಗಳಿದ್ದ ಯುದ್ಧ ಇದು. ಕಾದಂಬರಿಯಲ್ಲಿ ಅದೆಲ್ಲ ಮಂಜಿನ ಹಿಂದೆ ಸರಿದಿದೆ.

ಎದುರು ಪಕ್ಷಕ್ಕೂ ಅನ್ಯಾಯವಾಗಿದೆ. ಇನ್ನೂರಕ್ಕೂ ಹೆಚ್ಚು ವಸಾಹತುಗಾರರು ಸತ್ತ ಯುದ್ಧದಲ್ಲಿ ಮೂಲನಿವಾಸಿಗಳಿಗೆ ತಂತ್ರವಿತ್ತು, ಹೊಂಚು ಹಾಕುವ ತಾಳ್ಮೆಯಿತ್ತು. ಪುಸ್ತಕದ ಮನಲಾರ್ಗೆನನಲ್ಲಿ ಸೇನಾನಿಗಿಂತ ಮಾಂತ್ರಿಕನೇ ಹೆಚ್ಚು ಕಾಣುತ್ತಾನೆ.

ಉಳಿಯುವುದು ಬ್ಯಾಟ್‌ಮನ್‌ನ ಕ್ರೌರ್ಯ, ಸೊಗಸಾದ ವಾಕ್ಯಗಳಲ್ಲಿ. ಅವನು ಲೆಕ್ಕ ಕೊಡಬೇಕಾದ ಕೊಲೆಗಳು ಬಹಳವಿವೆ ಎಂದು ಆಗಲೇ ಬರೆದಿಟ್ಟವನು ಗವರ್ನರ್ ಆರ್ಥರ್. ಅವನ ಸರ್ಕಾರವೇ ಬ್ಯಾಟ್‌ಮನ್‌ನ ಸೇವೆಗೆ ಜಮೀನು ಕೊಟ್ಟಿತು.