ಶಾನುಭೋಗರ ವರ್ಗಾವಣೆ

ಊರ ಶಾನುಭೋಗಿಕೆ 1961ರ ಕಾಯ್ದೆಯಲ್ಲಿ ಹೋಯಿತು. ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಒಳಗಿನ ಶಾನುಭೋಗಿಕೆ ಮಾತ್ರ ಹಾಗೇ ಉಳಿದಿದೆ, ಹೆಸರು ಡಿವೈಸ್ ಮ್ಯಾನೇಜರ್.

ಲಿನಕ್ಸ್‌ನಲ್ಲಿ ‘ಡೆವ್’ ಅಂತ ಒಂದು ಫೋಲ್ಡರು. ಕೀಬೋರ್ಡು, ಮೌಸು, ಡಿಸ್ಕು, ಏನು ಹಾಕಿದರೂ ನುಂಗಿ ಸುಮ್ಮನಿರುವ ‘ನಲ್’, ಹೀಗೆ ಒಂದೊಂದಕ್ಕೂ ಅಲ್ಲೊಂದು ಫೈಲು. ಲಿನಕ್ಸ್‌ನ ತಿರುಳಾದ ಕರ್ನೆಲ್ ಅವನ್ನೆಲ್ಲ ಗುರುತು ಹಿಡಿಯುವುದು ಸರ್ವೆ ನಂಬರಿನಂಥ ಅಂಕಿಗಳಿಂದ: ‘ನಲ್’ ಅಂದರೆ 1, 3, ಮೊದಲ ಡಿಸ್ಕು ಅಂದರೆ 8, 0. ಯಾವುದು ಯಾರ ಸ್ವತ್ತು, ಯಾರು ಮುಟ್ಟಬಹುದು, ಅಡ್ಡಹೆಸರೇನು ಎಂದು ಖಾತೆ ಬರೆದಿಡುವವರು ನಮ್ಮ ಶಾನುಭೋಗರು.

2003ರಿಂದ ಆ ಗಾದಿಯಲ್ಲಿ ಕೂತಿರುವುದು ಯುಡೆವ್. 2012ರಲ್ಲಿ ಅದನ್ನು ಬೂಟಾದಾಗಿನಿಂದ ಸೇವೆಗಳನ್ನೆಲ್ಲ ನಡೆಸುವ ಸಿಸ್ಟಮ್‌ಡಿ ಎಂಬ ದೊಡ್ಡ ತಂತ್ರಾಂಶದೊಳಕ್ಕೆ ಸೇರಿಸಿಕೊಂಡರು. ಇದು ಹಿಡಿಸದ, ಜೆಂಟೂ ಎಂಬ ಲಿನಕ್ಸ್ ಬಗೆಯ ಕೆಲವು ಮಂದಿ ಅದೇ ಡಿಸೆಂಬರಿನಲ್ಲಿ ಬೇರೆಯಾಗಿ ಇ-ಯುಡೆವ್ ಕಟ್ಟಿದರು. 2021ರಲ್ಲಿ ಜೆಂಟೂದವರೇ ಇನ್ನು ಸಾಕು ಎಂದರು. ಆಲ್ಪೈನ್, ಡೆವುವಾನ್ ಎಂಬ ಬೇರೆ ಲಿನಕ್ಸ್ ಬಗೆಗಳ ಕಡೆಯವರು ಸೇರಿ ಎತ್ತಿಕೊಂಡರು. ಇಷ್ಟೆಲ್ಲ ಜಗಳ ಒಂದು ಗುಮಾಸ್ತಿಕೆಗೆ!

ನನ್ನ ಹಳೇ ಲ್ಯಾಪ್‌ಟಾಪಿನಲ್ಲಿರುವುದು ಆಲ್ಪೈನ್. ಅದರಲ್ಲಿದ್ದ ಇ-ಯುಡೆವ್ ತೆಗೆದು ಬ್ಯುಸಿಬಾಕ್ಸ್ ಎಂಬ ಸಣ್ಣ ಸಲಕರಣೆಗಳ ಗಂಟಿನಲ್ಲಿರುವ ಪುಟ್ಟ ಡಿವೈಸ್ ಮ್ಯಾನೇಜರ್ ಎಮ್‌ಡೆವ್ ಕೂರಿಸೋಣ ಅನ್ನಿಸಿತು. ಯಾಕೆ ಅಂತ ಕೇಳಬೇಡಿ. ಕೇಳಿದರೆ ಹೇಳಲು ಶುರು ಮಾಡುತ್ತೇನೆ, ಮನೆಯವರಿಗೆ ಅದರ ಅನುಭವವಿದೆ. ಎಮ್‌ಡೆವ್‌ನ ಕಡತವೆಲ್ಲ ಒಂದೇ ಫೈಲು, ಸಾಲಿಗೊಂದು ನಿಯಮ. ಹೆಸರು, ಒಡೆಯ, ಗುಂಪು, ಯಾರು ಓದಬಹುದು ಬರೆಯಬಹುದು ಎನ್ನುವ 660ರಂಥ ಅಂಕಿ, ಮುಗಿಯಿತು. ಅಷ್ಟು ಚೊಕ್ಕವಾದ ದಫ್ತರು ಕಂಡರೆ ನನಗೆ ಬಾಯಲ್ಲಿ ನೀರೂರುತ್ತದೆ. ವರ್ಗಾವಣೆಗೆ ಬೇಕಾದದ್ದೂ ಒಂದೇ ಕಮಾಂಡು, ‘ಸೆಟಪ್-ಡೆವ್‌ಡಿ ಎಮ್‌ಡೆವ್’. ಹೊಡೆದೆ, ರೀಬೂಟ್ ಮಾಡಿದೆ. ಮೊದಲಿಗಿಂತ ಬೇಗ ಲಾಗಿನ್ ಪರದೆ ಬಂತು.

ಪರದೆಯ ನಟ್ಟನಡುವೆ ಮೌಸಿನ ಬಾಣ. ಬೆರಳಾಡಿಸಿದೆ, ಅಲುಗಲಿಲ್ಲ. ಯುಎಸ್‌ಬಿ ಮೌಸ್ ಚುಚ್ಚಿದೆ, ಅದರ ಹೊಟ್ಟೆಯ ಕೆಂಪು ದೀಪ ಹತ್ತಿತು, ಬಾಣ ಅಲುಗಲಿಲ್ಲ. ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಬೇರೆ ಕನ್ಸೋಲಿಗೆ ಹಾರೋಣವೆಂದರೆ ಆ ಮೂರು ಕೀಲಿಗಳನ್ನು ಗಮನಿಸಬೇಕಾದ್ದೂ ಪರದೆಯ ಚಿತ್ರ, ಕೀಲಿ, ಮೌಸು ನೋಡಿಕೊಳ್ಳುವ ಎಕ್ಸ್ ಸರ್ವರೇ. ಮೂಲೆಯ ಗಡಿಯಾರ ಮಾತ್ರ ಸರಿಯಾಗಿ ಓಡುತ್ತಿತ್ತು.

“ನಿನ್ನೆ ಚೆನ್ನಾಗಿತ್ತಲ್ಲಾ ರೀ?” ಅಂದಳು ಹೆಂಡತಿ.

“ಈಗಲೂ ಚೆನ್ನಾಗೇ ಇದೆ” ಅಂದೆ.

ಸುಳ್ಳೇನಲ್ಲ. 2009ರಲ್ಲಿ ಬಂದ 2.6.32ನೇ ಕರ್ನೆಲ್‌ನಿಂದೀಚೆಗೆ ಡೆವ್‌ಟಿಎಂಪಿಎಫ್‌ಎಸ್ ಎಂಬ ಏರ್ಪಾಡಿದೆ. ಸಾಧನದ ಫೈಲನ್ನು ಕರ್ನೆಲ್ ತಾನೇ ಸೃಷ್ಟಿಸಿಬಿಡುತ್ತದೆ. ಕೀಬೋರ್ಡೂ ಇತ್ತು, ಅದರ ಫೈಲೂ ಇತ್ತು. ಆದರೆ ಎಕ್ಸ್ ಮಹಾಶಯರು ಕಣ್ಣೆದುರಿನ ಫೈಲನ್ನು ನೋಡುವವರಲ್ಲ. “ಇದು ಕೀಬೋರ್ಡು ಹೌದೋ ಅಲ್ಲವೋ” ಎಂದು ಯುಡೆವ್‌ನ ಖಾತೆ ತೆಗೆಸಿ ಕೇಳುತ್ತಾರೆ. ಹೊಸ ಶಾನುಭೋಗರಿಗೆ ಆ ಖಾತೆ ಬರೆಯುವ ಪದ್ಧತಿಯೇ ಇಲ್ಲ. ದಾಖಲೆ ಇಲ್ಲದ ಮೇಲೆ ಕೀಬೋರ್ಡೂ ಇಲ್ಲ! ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಪುಣ್ಯಕ್ಕೆ ವೈಫೈ ಎದ್ದಿತ್ತು. ಫೋನಿನಲ್ಲಿ ಟರ್ಮಕ್ಸ್ ಎಂಬ ಕಮಾಂಡ್ ಆ್ಯಪ್ ತೆರೆದು, ದೂರದಿಂದಲೇ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಲ್ಯಾಪ್‌ಟಾಪಿನೊಳಕ್ಕೆ ಹೊಕ್ಕೆ. ಫೋನಿನ ಕೀಲಿಮಣೆ ಕನ್ನಡಕ್ಕೆ ತಿರುಗಿತ್ತು. ರೂಟ್ ಪಾಸ್‌ವರ್ಡಿನ ಜಾಗಕ್ಕೆ ಒತ್ತಕ್ಷರಗಳು ಹೋಗುತ್ತಿದ್ದವು, ಪರದೆಯ ಮೇಲೆ ಏನೂ ಕಾಣದ್ದರಿಂದ ಗೊತ್ತಾಗುವ ಹಾಗೂ ಇರಲಿಲ್ಲ. ತೊಡೆಯ ಮೇಲೆ ಲ್ಯಾಪ್‌ಟಾಪು, ಅದರ ಕೀಬೋರ್ಡಿನ ಮೇಲೆ ಮೊಣಕೈ, ಕೈಯಲ್ಲಿ ಫೋನು. ಹೂ ಕಟ್ಟುತ್ತಾ ಕೂತಿದ್ದ ಅಮ್ಮ ಬಹಳ ಹೊತ್ತು ತಡೆದುಕೊಂಡರು. ಆಮೇಲೆ, “ಲೋ, ಅಷ್ಟು ದೊಡ್ಡ ಗುಂಡಿಗಳು ಅದರಲ್ಲೇ ಇದಾವಲ್ಲೋ, ಆ ಚೂರಲ್ಲಿ ಯಾಕೋ ಕುಟ್ತೀಯ?” ಅಂದರು. ಉತ್ತರಕ್ಕೆ ಕರ್ನೆಲ್‌ನಿಂದ ಶುರು ಮಾಡಬೇಕಿತ್ತು, ಸುಮ್ಮನಾದೆ.

ಎಕ್ಸ್‌ನ ಕಾನ್ಫಿಗ್ ಫೈಲಿನಲ್ಲಿ ಕೀಲಿ, ಮೌಸು ಓದುವ ಎವ್‌ಡೆವ್ ಡ್ರೈವರ್ ಹಾಕಿ, ‘ಡೆವ್’ ಒಳಗಿನ ಫೈಲುಗಳಲ್ಲಿ ಇವೆಂಟ್3 ಕೀಬೋರ್ಡು, ಇವೆಂಟ್5 ಟಚ್‌ಪ್ಯಾಡು ಎಂದು ಕೈಯಾರೆ ಬರೆದೆ. ಬಾಣ ಓಡಾಡಿತು. ವಿಜಯೋತ್ಸವದ ಕಾಫಿಯೂ ಆಯಿತು.

ಮಾರನೇ ದಿನ ಹೆಂಡತಿ ತನ್ನ ಮೌಸ್ ಚುಚ್ಚಿಟ್ಟುಕೊಂಡೇ ಲ್ಯಾಪ್‌ಟಾಪ್ ಆನ್ ಮಾಡಿದಳು. ಇವೆಂಟ್ ನಂಬರುಗಳು ಬೂಟಿನಿಂದ ಬೂಟಿಗೆ ಹಾಗೇ ಇರುತ್ತವೆಂದು ಯಾರೂ ಮಾತು ಕೊಟ್ಟಿಲ್ಲ. ಮೊದಲಾದರೆ ಯುಡೆವ್ ಬದಲಾಗದ ಅಡ್ಡಹೆಸರು ಕೊಟ್ಟಿರುತ್ತಿತ್ತು. ಈಗ ಎಲ್ಲ ಒಂದೊಂದು ಮನೆ ಸರಿದು ಕೂತಿದ್ದವು. ಲಾಗ್ ತೆಗೆದರೆ, ಕೀಬೋರ್ಡ್ ಎಂದು ಎಕ್ಸ್‌ಗೆ ಸಿಕ್ಕಿದ್ದು ಲ್ಯಾಪ್‌ಟಾಪಿನ ಮುಚ್ಚಳದ ಸ್ವಿಚ್ಚು! ಈ ಸಾಧನವನ್ನು ಹೇಗೆ ಬಳಸುವುದೋ ತಿಳಿಯದು ಎಂದು ಷರಾ ಬರೆದು ಎವ್‌ಡೆವ್ ಕೈತೊಳೆದುಕೊಂಡಿತ್ತು. ನನಗೂ ತಿಳಿಯದು. ಮುಚ್ಚಳ ತೆಗೆದು ಹಾಕಿ ಪಾಸ್‌ವರ್ಡ್ ಬರೆಯಲು ಮೋರ್ಸ್ ಸಂಕೇತ ಬರಬೇಕು.

ಕೊನೆಗೆ ಕರ್ನೆಲ್ ಕೊಡುವ ಸಾಧನಪಟ್ಟಿಯಲ್ಲಿ ಹೆಸರು ಹುಡುಕಿ, ಅದಕ್ಕೆ ಖಾಯಂ ಕೊಂಡಿ ಹಾಕುವ ಸ್ಕ್ರಿಪ್ಟ್ ಬರೆದೆ. ನನ್ನ ಕೀಬೋರ್ಡಿನ ಅಧಿಕೃತ ನಾಮಧೇಯ ‘ಎಟಿ ಟ್ರಾನ್ಸ್‌ಲೇಟೆಡ್ ಸೆಟ್ 2 ಕೀಬೋರ್ಡ್’ ಎಂದು ಆಗಲೇ ಗೊತ್ತಾಗಿದ್ದು; ಐಬಿಎಂನವರ 1984ರ ಎಟಿ ಕಂಪ್ಯೂಟರಿನ ವಂಶ. ಮನೆತನ ದೊಡ್ಡದು. ಯುಡೆವ್‌ನ ದನಿಯಲ್ಲೇ ಎಕ್ಸ್‌ಗೆ ಉತ್ತರ ಕೊಡುವ ಲಿಬ್‌ಯುಡೆವ್-ಝೀರೋ ಎಂಬುದೂ ಒಂದಿದೆ, ಅದರಿಂದ ಕೆಲಸ ಸಲೀಸು. ಆದರೆ ಸ್ಕ್ರಿಪ್ಟ್ ಬರೆದಾಗಿತ್ತಲ್ಲ.

ಈಗ ಎಲ್ಲ ನಡೆಯುತ್ತಿದೆ ಅನ್ನುವ ಹೊತ್ತಿಗೆ ಭಾವಮೈದ ಗೃಹಪ್ರವೇಶದ ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ತಂದ. ಚುಚ್ಚಿದ. ಕಾದ. ತೆಗೆದು, ಊದಿ, ತಿರುಗಿಸಿ ಚುಚ್ಚಿದ. ಯಾವ ಕಿಟಕಿಯೂ ತೆರೆಯಲಿಲ್ಲ.

“ಭಾವ, ಪೋರ್ಟ್ ಹೋಗಿದೆಯಾ?”

“ಪೋರ್ಟ್ ಚೆನ್ನಾಗಿದೆ ಕಣೋ” ಅಂತ ಒಳಗಿನಿಂದ ಹೆಂಡತಿಯೇ ಕೂಗಿದಳು. “ಅರ್ಜಿ ಕೊಡಬೇಕು. ನಿಮ್ಮ ಭಾವ ರುಜು ಹಾಕಿ ಒಳಗೆ ಬಿಡ್ತಾರೆ.”

ನಾನು ಟರ್ಮಿನಲ್ ತೆರೆದು, ಪೆನ್‌ಡ್ರೈವನ್ನು ಫೋಲ್ಡರಿಗೆ ಜೋಡಿಸುವ ಮೌಂಟ್ ಕಮಾಂಡ್ ಹೊಡೆಯತೊಡಗಿದೆ. ಅವನು ಫೋಟೋಗಳನ್ನು ಆಗಲೇ ಅಮ್ಮನ ವಾಟ್ಸಾಪಿಗೆ ಕಳಿಸುತ್ತಿದ್ದ.