ಏನ್ ತಿಂದಿ?

ಮಗಳಿಗೆ 11 ವರ್ಷ. ಟೈಪ್ 1 ಡಯಾಬಿಟಿಸ್ ಇದೆ. ಹೋದ ತಿಂಗಳು ಅವಳು ಶುಗರ್ ಬರೆದಿಡುವ ನೋಟ್‌ಬುಕ್ ತಿರುವಿ ಹಾಕುತ್ತಿದ್ದೆ. ವಾರ ಪೂರ್ತಿ 130, 142, 138. ಖುಷಿಯಾಯಿತು. ಸುಮ್ನೆ ಗ್ಲುಕೋಮೀಟರಿನ ಬಟನ್ ಒತ್ತಿ ಹಳೇ ರೀಡಿಂಗ್ ನೋಡಿದೆ. 286. 254. 301.

ಬೈಯಬೇಕು ಅಂತಲೇ ಕರೆದೆ.

"ಜಾಸ್ತಿ ಬಂದ್ರ ನೀ 'ಏನ್ ತಿಂದಿ?' ಅಂತೀಯಲ್ಲಪ್ಪಾ, ಅದಕ್ಕ ಹಂಗ ಬರದೆ" ಅಂದಳು.

ಆ ವಾರ ಅವಳಿಗೆ ಜ್ವರ ಇತ್ತು. ಜ್ವರಕ್ಕೂ ಶುಗರ್ ಏರುತ್ತದೆ, ಪರೀಕ್ಷೆಯ ಹೆದರಿಕೆಗೂ ಏರುತ್ತದೆ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬಾಯಿಗೆ ಬರುವುದು ಅದೇ ಮಾತು, ಕಳ್ಳನ ಜೇಬು ತಡಕಿದ ಹಾಗೆ.

ಮನೆಯಲ್ಲೇ ಹೀಗಾದರೆ ಹೊರಗಿನವರದು ಕೇಳಬೇಡಿ. "ಪಾಪ, ಇಷ್ಟ್ ಸಣ್ಣ ಹುಡುಗಿಗೆ ಮುದುಕರ ಬ್ಯಾನಿ!" ಇದು ಮುದುಕರ ಕಾಯಿಲೆಯಲ್ಲ, ಸಿಹಿ ತಿಂದು ಬಂದದ್ದೂ ಅಲ್ಲ. ರಕ್ತದ ಶುಗರ್ ಇಳಿಸುವ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ರೋಗನಿರೋಧಕ ಶಕ್ತಿಯೇ ಹಾಳು ಮಾಡಿದೆ. ಮಗು ತಪ್ಪು ಮಾಡಿಲ್ಲ, ನಾವು ಚಾಕ್ಲೇಟ್ ಜಾಸ್ತಿ ಕೊಡಿಸಿದ್ದಕ್ಕೂ ಅಲ್ಲ. ಇನ್ನು ಆ 'ಪಾಪ'. ಕನಿಕರಕ್ಕೂ ಅದೇ ಪದ, ಮಾಡಿದ ತಪ್ಪಿಗೂ ಅದೇ ಪದ. ಮಗು ಯಾವುದನ್ನು ಕೇಳಿಸಿಕೊಳ್ಳುತ್ತದೋ.

ಅಮೀನಗಡದ ಕರದಂಟು ತಂದ ನೆಂಟರೊಬ್ಬರು ಅವಳ ಮುಂದೆಯೇ ಡಬ್ಬಿ ಮುಚ್ಚಿದರು. "ಅಕಿ ಶುಗರ್ ಪೇಷಂಟ್, ಅಕಿಗೆ ಕೊಡಬ್ಯಾಡ್ರಿ." ಅವರೇ ಊಟಕ್ಕೆ ಕೂತಾಗ "ಜ್ವಾಳದ ರೊಟ್ಟಿ ಎಷ್ಟರ ತಿನ್ನಲಿ" ಅಂದರು. ರೊಟ್ಟಿಗೂ ಶುಗರ್ ಏರುತ್ತದೆ ಕಣ್ರೀ, ಲೆಕ್ಕ ಹಾಕಿ ಇನ್ಸುಲಿನ್ ತಗೊಳ್ಳಬೇಕು. ಹಾಗೇ ಲೆಕ್ಕ ಹಾಕಿದರೆ ಒಂದು ತುಂಡು ಕರದಂಟೂ ತಿನ್ನಬಹುದು. ಆ ಡಬ್ಬಿ ಮುಚ್ಚಿದ ಸದ್ದಿಗೆ ಅವಳು ಎದ್ದು ಒಳಗೆ ಹೋದಳು.

"ಇನ್ಸುಲಿನ್ ರೂಢಿ ಮಾಡಬ್ಯಾಡ್ರಿ, ಆಮ್ಯಾಲ ಬಿಡಂಗಿಲ್ಲ" ಅನ್ನುವವರೂ ಇದ್ದಾರೆ, ಚಟದ ಮಾತಾಡಿದ ಹಾಗೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಸಲ ಇನ್ಸುಲಿನ್ ತಗೊಂಡದ್ದು 14 ವರ್ಷದ ಒಬ್ಬ ಹುಡುಗ. ಅದಕ್ಕೂ ಮುಂಚೆ ಇಂಥ ಮಕ್ಕಳು ಹೆಚ್ಚು ದಿನ ಬದುಕುತ್ತಲೇ ಇರಲಿಲ್ಲ. ಅನ್ನ ರೂಢಿ ಮಾಡಬೇಡಿ ಅಂತ ಯಾರಾದರೂ ಹೇಳ್ತಾರಾ?

ಆಸ್ಪತ್ರೆಯಲ್ಲಿ "ಕಂಟ್ರೋಲ್ ಇಲ್ಲ" ಅನ್ನುತ್ತಾರೆ. ಕಂಟ್ರೋಲ್ ಇಲ್ಲದ್ದು ಶುಗರಿಗೋ, ಹುಡುಗಿಗೋ? ಅವಳು ತಲೆ ತಗ್ಗಿಸಿ ಚಪ್ಪಲಿ ನೋಡ್ತಾ ಕೂರುತ್ತಾಳೆ. "ಈ ವಾರ ಸ್ವಲ್ಪ ಏರಿದೆ, ಡೋಸ್ ನೋಡೋಣ" ಅಂದರೂ ಅರ್ಥ ಅದೇ ಅಲ್ವಾ?

ನಾನೂ ಬಾಯಿ ತಿದ್ದಿಕೊಳ್ಳುತ್ತಿದ್ದೇನೆ. ನಿನ್ನೆ ರಾತ್ರಿ "ಎಷ್ಟ್ ಐತವ್ವಾ?" ಅಂತಷ್ಟೇ ಕೇಳಿದೆ. 241 ಅಂದಳು. 241 ಅಂತಲೇ ಬರೆದಳು. ಇನ್ಸುಲಿನ್ ತಗೊಂಡಳು. ಗಣಿತದ ಹೋಂವರ್ಕ್ ಮಾತ್ರ ಅರ್ಧಕ್ಕೇ ಬಿಟ್ಟು ಮಲಗಿದ್ದಳು. ಅದಕ್ಕೆ ಬೆಳಿಗ್ಗೆ ಸರಿಯಾಗಿ ಬೈದೆ.