ಗ್ರ್ಯಾನುಲೋಮ ಎಂದರೆ ಟಿಬಿಯೇ ಎಂದಲ್ಲ

ಕಿಡ್ನಿ ಕ್ಯಾನ್ಸರ್ ಗಡ್ಡೆಯಲ್ಲಿ ಗ್ರ್ಯಾನುಲೋಮ (ದೇಹದ ರಕ್ಷಣಾ ಕೋಶಗಳು ಗುಂಪುಗೂಡಿ ಆಗುವ ಪುಟ್ಟ ಗಂಟು) ಸಿಕ್ಕರೆ ಅದು ಟಿಬಿ ಎಂದೇ ಲೇಖನವೊಂದು ಹೇಳಿದೆ. ಅಷ್ಟು ಅವಸರ ಬೇಡ. ಗಡ್ಡೆಯ ವಿರುದ್ಧ ದೇಹವೇ ತೋರುವ ಪ್ರತಿಕ್ರಿಯೆಯಾಗಿಯೂ ಇವು ಅಪರೂಪಕ್ಕೆ ಹುಟ್ಟುತ್ತವೆ, ಹೆಚ್ಚಾಗಿ ಕ್ಲಿಯರ್ ಸೆಲ್ ಎಂಬ ಬಗೆಯ ಕಿಡ್ನಿ ಕ್ಯಾನ್ಸರಿನಲ್ಲಿ. ಸೂಕ್ಷ್ಮದರ್ಶಕದಲ್ಲಿ ಎಪಿಥೀಲಿಯಾಯ್ಡ್ ಎಂಬ ರಕ್ಷಣಾ ಕೋಶಗಳ ಪುಟ್ಟ ಗುಂಪು, ಸುತ್ತ ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಕಾಣುತ್ತವೆ. ಟಿಬಿಯಲ್ಲಿ ನಡುವೆ ಕಾಣುವ ಗಿಣ್ಣಿನಂಥ ಸತ್ತ ಭಾಗ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಹಾಗಂತ ಕಲಬುರಗಿ, ಯಾದಗಿರಿ ಕಡೆ ಟಿಬಿಯನ್ನು ಮರೆಯುವಂತೆಯೇ ಇಲ್ಲ. ಟಿಬಿ ಕ್ರಿಮಿ ಹುಡುಕುವ ಜೀಲ್-ನೀಲ್ಸನ್ ಬಣ್ಣ, ಫಂಗಸ್‌ಗೆ ಪಿಎಎಸ್ ಬಣ್ಣ, ಜೊತೆಗೆ ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿನಾಟ್ ಪರೀಕ್ಷೆ ಆಗಬೇಕು. ಬಣ್ಣದಲ್ಲಿ ಕ್ರಿಮಿ ಕಾಣಲಿಲ್ಲವೆಂದು ಟಿಬಿ ಇಲ್ಲ ಎನ್ನಲಾಗದು.

ಎಡವುವುದು ಬಹುತೇಕ ಆಪರೇಷನ್ ಥಿಯೇಟರಿನಲ್ಲೇ. ತೆಗೆದ ಇಡೀ ಕಿಡ್ನಿ ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ ದ್ರವ) ಡಬ್ಬಿಗೆ ಬಿದ್ದರೆ ಕ್ರಿಮಿ ಸತ್ತು, ಅದನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಕೈತಪ್ಪುತ್ತದೆ. ಮೊದಲೇ ಸಂಶಯವಿದ್ದರೆ ಒಂದು ಚೂರನ್ನು ನಾರ್ಮಲ್ ಸಲೈನ್‌ನಲ್ಲಿ (ಉಪ್ಪುನೀರಿನ ದ್ರಾವಣ) ಕಲ್ಚರ್‌ಗೆಂದು ಬೇರೆಯಾಗಿ ಕಳಿಸಿ. ಉಳಿದದ್ದನ್ನು ಲ್ಯಾಬಿನಲ್ಲಿ ಅಂಚಿಗೆ ಶಾಯಿ ಹಚ್ಚಿ, ಉದ್ದಕ್ಕೆ ಸೀಳಿ, 10% ಫಾರ್ಮಲಿನ್‌ನಲ್ಲಿಡಬೇಕು. ಸೀಳದಿದ್ದರೆ ದ್ರವ ಒಳಗಿಳಿಯದೆ ನಡುಭಾಗ ಕೆಡುತ್ತದೆ.

ಸಿಟಿ ಸ್ಕ್ಯಾನಿನಲ್ಲಿ ದಪ್ಪಗೆ ಕಂಡ ಲಿಂಫ್ ಗ್ರಂಥಿಯೆಲ್ಲ ಕ್ಯಾನ್ಸರ್ ಹರಡಿದ್ದಲ್ಲ, ಅಲ್ಲೂ ಬರೀ ಗ್ರ್ಯಾನುಲೋಮ ಇರಬಹುದು. ಇದನ್ನು ರೋಗಿಯ ಮನೆಯವರಿಗೆ ಬಿಡಿಸಿ ಹೇಳಲೇಬೇಕು. ಎರಡನೇ ಅಭಿಪ್ರಾಯಕ್ಕೆ ಹೈದರಾಬಾದಿಗೆ ಹೋಗುವವರು ಸ್ಲೈಡ್ ಜೊತೆ ಮೇಣದ ಬ್ಲಾಕನ್ನೂ (ಗಡ್ಡೆಯ ಚೂರನ್ನು ಹುದುಗಿಸಿಟ್ಟ ಮೇಣದ ತುಂಡು) ಒಯ್ಯಿರಿ, ಹೊಸ ಬಣ್ಣ ಹಾಕಲು ಅದೇ ಬೇಕು.